ವಾರ್ಡಿನಲ್ಲಿ ಆಧ್ಯಾತ್ಮಿಕ ಆರೈಕೆಯನ್ನು ಅಳೆಯುವ ಬಗೆ: ಕೊಡಗಿನ ನರ್ಸ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಕೇಸ್ ಶೀಟಿನಲ್ಲಿ ನಾಡಿ, ಬಿಪಿ, ಶುಗರ್, ಮೂತ್ರದ ಪ್ರಮಾಣ ಎಲ್ಲಕ್ಕೂ ಒಂದೊಂದು ಅಂಕಿ ಇರುತ್ತದೆ. ‘ಆಧ್ಯಾತ್ಮಿಕ ಅಗತ್ಯ’ (ನಂಬಿಕೆ, ನೆಮ್ಮದಿ, ಬದುಕಿನ ಅರ್ಥಕ್ಕೆ ಸಂಬಂಧಿಸಿದ್ದು) ಎಂಬ ಸಾಲಿದ್ದರೆ ಅದರೆದುರು ಒಂದು ಟಿಕ್ ಗುರುತೋ, ‘ಹಿಂದೂ’, ‘ಮುಸ್ಲಿಂ’ ಎಂಬ ಒಂದು ಪದವೋ ಕಾಣುತ್ತದೆ, ಅಷ್ಟೇ. ಅಡ್ಮಿಶನ್ ಕೌಂಟರಿನಲ್ಲಿ ಬರೆಸಿಕೊಂಡದ್ದರ ನಕಲು ಅದು. ರೋಗಿಗೆ ಏನು ಬೇಕಿತ್ತು, ನಾವೇನು ಮಾಡಿದೆವು, ಮಾಡಿದ್ದರಿಂದ ಏನಾದರೂ ಆಯಿತೇ ಎಂಬ ಮೂರು ಪ್ರಶ್ನೆಗೂ ಅಲ್ಲಿ ಉತ್ತರ ಸಿಗುವುದಿಲ್ಲ.

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಕಡೆಯ ಆಸ್ಪತ್ರೆಗಳ ಇನ್‌ಚಾರ್ಜ್ ಸಿಸ್ಟರ್‌ಗಳು, ಮನೆಮನೆಗೆ ಹೋಗಿ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆ ಕೊಡುವವರು, ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಕ್ಕೆ ಈ ವಿಷಯ ಹಿಡಿದವರು, ಈ ಮೂವರನ್ನು ಎದುರಿಗಿಟ್ಟುಕೊಂಡು ಇದನ್ನು ಬರೆದಿದ್ದೇನೆ. ರೋಗಿಯ ಭಕ್ತಿಯನ್ನು ಅಳೆಯುವ ಅಧಿಕಾರ ನಮಗಿಲ್ಲ, ಅದರ ಅಗತ್ಯವೂ ಇಲ್ಲ. ಅಳೆಯಬೇಕಾದ್ದು ನಮ್ಮ ಕೆಲಸವನ್ನು. ಕೆಳಗಿನ ಒಂದೊಂದು ಹಂತವನ್ನೂ ಈ ಮಾತಿಗೆ ಹೊಂದಿಸಿ ನೋಡಿಕೊಳ್ಳಿ.

ಇದೇನು ಹೊಸ ಫ್ಯಾಶನ್ನೇ ಎಂದು ಡ್ಯೂಟಿ ರೂಮಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾಯುವವರ ನೋವಿನಲ್ಲಿ ಮೈ, ಮನಸ್ಸು, ಸಂಸಾರ, ನಂಬಿಕೆ ನಾಲ್ಕೂ ಹೆಣೆದುಕೊಂಡಿರುತ್ತವೆ ಎಂದು ತೋರಿಸಿ, ಅದನ್ನು ‘ಒಟ್ಟು ನೋವು’ ಎಂದು ಕರೆದವರು ಸಿಸಿಲಿ ಸಾಂಡರ್ಸ್. ಡಾಕ್ಟರಾಗುವ ಮೊದಲು ಆಕೆ ನರ್ಸ್ ಆಗಿದ್ದವರು. ವಿಶ್ವ ಆರೋಗ್ಯ ಸಂಸ್ಥೆಯ ಉಪಶಾಮಕ ಆರೈಕೆಯ ವ್ಯಾಖ್ಯೆಯಲ್ಲಿ ಆಧ್ಯಾತ್ಮಿಕ ತೊಂದರೆಯ ಹೆಸರಿದೆ. ರೋಗಿಯ ನಂಬಿಕೆಗಳನ್ನು ಗೌರವಿಸಬೇಕು, ಆಧ್ಯಾತ್ಮಿಕ ಅಗತ್ಯದ ಕೋರಿಕೆಗೆ ಸ್ಪಂದಿಸಬೇಕು ಎಂದು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಾನದಂಡವೂ ಹೇಳುತ್ತದೆ. ಇಷ್ಟು ಹೇಳಿ ಕೆಲಸಕ್ಕೆ ಇಳಿಯಿರಿ, ವಾದ ಬೆಳೆಸಬೇಡಿ.

ಹಂತ 1: ಏನನ್ನು ಅಳೆಯುತ್ತೀರಿ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

‘ಆಧ್ಯಾತ್ಮಿಕ ಆರೈಕೆಯ ಮಾಪನ’ ಎಂಬ ಒಂದೇ ಹೆಸರಿನಡಿ ಐದು ಬೇರೆ ಬೇರೆ ಸಂಗತಿಗಳು ಓಡಾಡುತ್ತಿರುತ್ತವೆ. ಒಂದು, ಈ ಆರೈಕೆಯ ಬಗ್ಗೆ ನರ್ಸ್‌ಗಳ ಅಭಿಪ್ರಾಯ. ಎರಡು, ಅದನ್ನು ಮಾಡಲು ಅವರಿಗಿರುವ ಸಾಮರ್ಥ್ಯ. ಮೂರು, ಅವರು ನಿಜವಾಗಿ ಮಾಡಿದ ಕೆಲಸ. ನಾಲ್ಕು, ರೋಗಿಯ ಅಗತ್ಯ. ಐದು, ರೋಗಿಯ ನೆಮ್ಮದಿಯಲ್ಲಿ ಆದ ಬದಲಾವಣೆ.

ಗುಣಮಟ್ಟವನ್ನು ವ್ಯವಸ್ಥೆ, ಪ್ರಕ್ರಿಯೆ, ಫಲ ಎಂದು ಮೂರಾಗಿ ಬಿಡಿಸಿ ನೋಡುವ ದಾರಿಯನ್ನು ಅವೆಡಿಸ್ ಡೊನಬೇಡಿಯನ್ 1966ರಲ್ಲೇ ತೋರಿಸಿದರು. ಆ ಲೆಕ್ಕದಲ್ಲಿ ಮೊದಲೆರಡು ವ್ಯವಸ್ಥೆಗೆ ಸೇರುತ್ತವೆ, ಮೂರನೆಯದು ಪ್ರಕ್ರಿಯೆ, ಐದನೆಯದು ಫಲ. ನಾಲ್ಕನೆಯದು ಗೊತ್ತಿಲ್ಲದಿದ್ದರೆ ಮೂರನೆಯದಕ್ಕೆ ಅರ್ಥವೇ ಹುಟ್ಟುವುದಿಲ್ಲ.

ಕಾಲೇಜು ಪ್ರಾಜೆಕ್ಟುಗಳಲ್ಲಿ ಬಹಳಷ್ಟು ಅಳೆಯುವುದು ಮೊದಲನೆಯದನ್ನು. ನೂರು ಜನ ನರ್ಸ್‌ಗಳಿಗೆ ಪ್ರಶ್ನಾವಳಿ ಹಂಚಿ, ‘ಆಧ್ಯಾತ್ಮಿಕ ಆರೈಕೆ ಮುಖ್ಯ ಎಂದು ಒಪ್ಪುತ್ತೀರಾ?’ ಎಂದು ಕೇಳಿದರೆ ಎಲ್ಲರೂ ಒಪ್ಪುತ್ತಾರೆ. ಒಪ್ಪದೆ ಏನು ಮಾಡಿಯಾರು? ಆ ಅಂಕಿ ಹಿಡಿದು ‘ನಮ್ಮಲ್ಲಿ ಆಧ್ಯಾತ್ಮಿಕ ಆರೈಕೆ ಚೆನ್ನಾಗಿದೆ’ ಎಂದು ತೀರ್ಮಾನ ಬರೆಯುವುದು ತಪ್ಪು. ಅಭಿಪ್ರಾಯ ಚೆನ್ನಾಗಿದೆ ಎಂದಷ್ಟೇ ಬರೆಯಬಹುದು.

ನಿಮ್ಮ ವಾಕ್ಯ ಹೀಗಿರಲಿ: ‘ನಮ್ಮ ಮೆಡಿಕಲ್ ವಾರ್ಡಿಗೆ ಸೇರಿ 24 ಗಂಟೆ ಕಳೆದ, ಮಾತಾಡಬಲ್ಲ ರೋಗಿಗಳಲ್ಲಿ ಎಷ್ಟು ಜನರನ್ನು ನೆಮ್ಮದಿಯ ಬಗ್ಗೆ ಕೇಳಿದ್ದೇವೆ, ಅವರು ಹೇಳಿದ ಅಗತ್ಯಗಳಲ್ಲಿ ಎಷ್ಟನ್ನು ಪೂರೈಸಿದ್ದೇವೆ.’ ಯಾರು, ಎಲ್ಲಿ, ಯಾವಾಗ, ಏನು ಎಂಬ ನಾಲ್ಕೂ ಇದರಲ್ಲಿವೆ. ಹೀಗೆ ಬರೆಯಲು ಬರದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ಇರುವ ಸಾಧನಗಳಲ್ಲಿ ಒಂದನ್ನು ಆರಿಸಿ

ಹೊಸ ಪ್ರಶ್ನಾವಳಿ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ, ಜಗತ್ತಿನಲ್ಲಿ ಸಾಕಷ್ಟಿವೆ.

ಅಭಿಪ್ರಾಯಕ್ಕೆ ಹೆಚ್ಚು ಬಳಕೆಯಲ್ಲಿರುವುದು ವಿಲ್ಫ್ರೆಡ್ ಮ್ಯಾಕ್‌ಶೆರಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಎಸ್‌ಎಸ್‌ಸಿಆರ್‌ಎಸ್ ಎಂಬ ಪ್ರಶ್ನಾವಳಿ. ಅದರಲ್ಲಿ 17 ಹೇಳಿಕೆಗಳು, ಪ್ರತಿಯೊಂದಕ್ಕೂ ಐದು ಹಂತದ ಉತ್ತರ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ 2010ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 4,054 ಸದಸ್ಯರು ಉತ್ತರಿಸಿದ್ದು ಇದನ್ನು ಒಳಗೊಂಡ ಪ್ರಶ್ನಾವಳಿಗೇ. ಸಾಮರ್ಥ್ಯಕ್ಕೆ ನೆದರ್‌ಲೆಂಡ್ಸಿನ ರೆನೆ ವಾನ್ ಲೀವೆನ್ ಮತ್ತು ಸಂಗಡಿಗರ 2009ರ ಎಸ್‌ಸಿಸಿಎಸ್ ಇದೆ. ಅದರ 27 ಅಂಶಗಳು ಆರು ಗುಂಪುಗಳಾಗಿ ಹಂಚಿಕೊಂಡಿವೆ. ತರಬೇತಿಗೆ ಮೊದಲು ಮತ್ತು ಆಮೇಲೆ ಹೋಲಿಸಲು ಇದು ಒದಗುತ್ತದೆ.

ಮಾಡಿದ ಕೆಲಸಕ್ಕೆ ಐರಿಸ್ ಮಾಮಿಯರ್ ಮತ್ತು ಎಲಿಜಬೆತ್ ಜಾನ್‌ಸ್ಟನ್ ಟೇಲರ್ ಕಟ್ಟಿದ ಎನ್‌ಎಸ್‌ಸಿಟಿಎಸ್ ಇದೆ. ಕಳೆದ 72ರಿಂದ 80 ಗಂಟೆಗಳ ಡ್ಯೂಟಿಯಲ್ಲಿ ಏನೇನನ್ನು ಎಷ್ಟು ಸಲ ಮಾಡಿದಿರಿ ಎಂದು 17 ಅಂಶಗಳಲ್ಲಿ ಕೇಳುತ್ತದೆ. ನನಗೆ ಈ ಸಾಧನದ ಮೇಲೆ ಹೆಚ್ಚು ಒಲವು. ‘ಸಾಮಾನ್ಯವಾಗಿ ಮಾಡುತ್ತೀರಾ?’ ಎಂದು ಕೇಳಿದರೆ ಮನುಷ್ಯರು ತಮ್ಮ ಆದರ್ಶವನ್ನು ಹೇಳುತ್ತಾರೆ, ‘ಕಳೆದ ವಾರ ಎಷ್ಟು ಸಲ?’ ಎಂದು ಕೇಳಿದರೆ ನೆನಪಿಗೆ ಕೈ ಹಾಕುತ್ತಾರೆ.

ರೋಗಿಯ ಅಗತ್ಯ ತಿಳಿಯಲು ಕ್ರಿಸ್ಟಿನಾ ಪುಚಾಲ್ಸ್ಕಿ 1996ರಲ್ಲಿ ರೂಪಿಸಿದ ‘ಫಿಕಾ’ ಎಂಬ ಮಾತುಕತೆಯ ಚೌಕಟ್ಟು ಒಳ್ಳೆಯದು. ನಂಬಿಕೆ ಏನು, ಅದಕ್ಕೆ ಬದುಕಿನಲ್ಲಿ ಎಷ್ಟು ಮಹತ್ವ, ಜೊತೆಗಿರುವ ಸಮುದಾಯ ಯಾವುದು, ಆರೈಕೆಯಲ್ಲಿ ನಾವೇನು ಮಾಡಬೇಕು, ಹೀಗೆ ನಾಲ್ಕು ಮೆಟ್ಟಿಲು. ಇದು ಅಂಕ ಕೊಡುವ ಸಾಧನವಲ್ಲ. ‘ಫಿಕಾ ಸ್ಕೋರ್ 8’ ಎಂದು ಬರೆದ ವರದಿ ಕಂಡರೆ ಬದಿಗಿಡಿ.

ರೋಗಿಯ ನೆಮ್ಮದಿಗೆ ಅಂಕಿ ಬೇಕಿದ್ದರೆ ಫ್ಯಾಸಿಟ್-ಎಸ್‌ಪಿ ಎಂಬ ಪ್ರಶ್ನಾವಳಿ ಇದೆ. 12 ಅಂಶ, ಒಂದೊಂದಕ್ಕೆ 0ಯಿಂದ 4, ಒಟ್ಟು 0ಯಿಂದ 48. ಇದನ್ನೂ ಇದರ ಅನುವಾದಗಳನ್ನೂ ಬಳಸಲು ಅದನ್ನು ಹೊರತಂದ ಸಂಸ್ಥೆಯ ಪರವಾನಗಿ ಬೇಕು. 12 ಪ್ರಶ್ನೆಗೆ ಉತ್ತರಿಸುವಷ್ಟು ಉಸಿರು ರೋಗಿಗೆ ಇಲ್ಲದಿದ್ದರೆ ಐಪಿಒಎಸ್ ಎಂಬ ಉಪಶಾಮಕ ಆರೈಕೆಯ ಹಾಳೆಯಲ್ಲಿ ನೆಮ್ಮದಿಯ ಬಗ್ಗೆಯೇ ಒಂದು ಪ್ರಶ್ನೆ ಇದೆ. ಅದರಲ್ಲಿ ಸಿಬ್ಬಂದಿಯೇ ತುಂಬುವ ರೂಪವೂ ಇರುವುದರಿಂದ ಮಾತು ನಿಂತ ರೋಗಿಗೂ ಸಲ್ಲುತ್ತದೆ. ‘ನಿಮಗೆ ನೆಮ್ಮದಿ ಇದೆಯೇ?’ ಎಂಬ ಒಂದೇ ಪ್ರಶ್ನೆಗೆ ಬಂದ ಉತ್ತರ ದೊಡ್ಡ ಸಾಧನಗಳ ಅಂಕಗಳ ಜೊತೆ ಹೊಂದುತ್ತದೆ ಎಂದು ಕ್ಯಾರೆನ್ ಸ್ಟೈನ್‌ಹೌಸರ್ ತಂಡ 2006ರಲ್ಲಿ ತೋರಿಸಿದೆ. ಕೈ ಸಾಲದ ವಾರ್ಡಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಹಂತ 3: ನಿಮ್ಮ ವಾರ್ಡಿಗೆ ಬರುವವರನ್ನು ಅರಿತು ಅಂಶಗಳನ್ನು ತಿದ್ದಿ

ಮೇಲಿನ ಸಾಧನಗಳೆಲ್ಲ ಹುಟ್ಟಿದ್ದು ಚಾಪ್ಲಿನ್ ಎಂಬ ಧರ್ಮಗುರು ಆಸ್ಪತ್ರೆಯ ಸಿಬ್ಬಂದಿಯಾಗಿರುವ ಊರುಗಳಲ್ಲಿ. ‘ಚಾಪ್ಲಿನ್ ಬಳಿಗೆ ಕಳಿಸಿದೆ’ ಎಂಬ ಅಂಶಕ್ಕೆ ನಮ್ಮ ಸಿಸ್ಟರ್ ಸೊನ್ನೆ ಹಾಕುತ್ತಾರೆ. ಆ ಸೊನ್ನೆ ಅವರ ಕೆಲಸದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಂಶವನ್ನು ‘ರೋಗಿ ಹೇಳಿದ ಹಿರಿಯರನ್ನೋ ಧರ್ಮಗುರುವನ್ನೋ ಕರೆಸಲು ನೆರವಾದೆ’ ಎಂದು ಬದಲಿಸಬೇಕು. ಸಾಧನದ ಕರ್ತೃಗಳಿಗೆ ಬರೆದು ಅನುಮತಿ ಪಡೆದೇ ಬದಲಿಸಿ.

ಅದೇ ಅಂಶವನ್ನು ‘ಪುರೋಹಿತರನ್ನು ಕರೆಸಿದೆ’ ಎಂದು ಅನುವಾದಿಸಿದರೂ ಕೊಡಗಿನಲ್ಲಿ ಕೆಲಸ ಕೆಡುತ್ತದೆ. ಕೊಡವರ ಮನೆಯ ಆಚರಣೆಗಳನ್ನು ನಡೆಸುವವರು ಒಕ್ಕದ, ಅಂದರೆ ಮನೆತನದ, ಹಿರಿಯರು. ನಮಿಸುವುದು ಗುರು ಕಾರೋಣರಿಗೆ (ಪೂರ್ವಜರಿಗೆ), ಐನ್‌ಮನೆಯ (ಮನೆತನದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯ ದೀಪಕ್ಕೆ, ಕೈಮಡಕ್ಕೆ (ಪೂರ್ವಜರ ಗುಡಿಗೆ). ಹಾಸಿಗೆ ಹಿಡಿದ ಹಿರಿಯರೊಬ್ಬರು ‘ಐನ್‌ಮನೆಗೆ ಒಂದು ಸಲ ಹೋಗಿ ಬರಬೇಕಿತ್ತು’ ಎಂದರೆ ಅದು ಊರಿನ ನೆನಪು ಮಾತ್ರ ಎಂದು ದಾಟಿಸಬೇಡಿ, ಆಧ್ಯಾತ್ಮಿಕ ಅಗತ್ಯದ ಕಾಲಂನಲ್ಲಿ ಬರೆಯಿರಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನಿಗೆ ಹೇಳಿಕೊಂಡ ಹರಕೆ ತೀರಿಲ್ಲ ಎಂಬ ಕೊರಗೂ ಅಲ್ಲಿಗೇ ಬರುತ್ತದೆ.

ತೀರ್ಥದ ವಿಷಯ ಬೇರೆಯಾಗಿಯೇ ಹೇಳಬೇಕು. ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥವನ್ನು ಅನೇಕ ಮನೆಗಳಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಕೊನೆಯ ಹೊತ್ತಿನಲ್ಲಿ ಬಾಯಿಗೆ ಎರಡು ತೊಟ್ಟು ಬಿಡಬೇಕೆಂಬುದು ಮನೆಯವರ ಆಸೆ. ಐಸಿಯುನಲ್ಲಿ ಬಾಯಿಗೆ ಏನೂ ಕೊಡಬಾರದೆಂಬ ಆದೇಶವಿದ್ದರೆ? ನುಂಗಲಾರದವರ ಗಂಟಲಿಗೆ ನೀರು ಬಿಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಡಾಕ್ಟರನ್ನು ಕೇಳಿ, ಗಾಜ್ ಬಟ್ಟೆಯಲ್ಲಿ ಅದ್ದಿ ತುಟಿ ಒದ್ದೆ ಮಾಡಬಹುದೇ ಎಂದು ನೋಡಿ. ರೋಗನಿರೋಧಕ ಶಕ್ತಿ ಕುಸಿದವರಿಗೆ ಕುದಿಸದ ನೀರಿನ ಅಪಾಯವನ್ನೂ ಮನೆಯವರಿಗೆ ತಿಳಿಸಿ. ದಾಖಲೆಯಲ್ಲಿ ‘ಕೇಳಿದರು, ಡಾಕ್ಟರ್ ಒಪ್ಪಿಗೆಯಿಂದ ತುಟಿಗೆ ಸವರಲಾಯಿತು’ ಎಂದು ಬರೆದರೆ ಅದೊಂದು ಪೂರೈಸಿದ ಅಗತ್ಯ. ಆಕ್ಸಿಜನ್ ಹರಿಯುವ ಜಾಗದಲ್ಲಿ ದೀಪ, ಊದುಬತ್ತಿ ಸಾಧ್ಯವೇ ಇಲ್ಲ. ಅಲ್ಲಿ ‘ನಿಯಮ ಅಡ್ಡಿ’ ಎಂದು ಕಾರಣ ಬರೆದು, ಬದಲಿಗೆ ಏನು ಒದಗಿಸಿದಿರಿ ಎಂಬುದನ್ನೂ ಸೇರಿಸಿ.

ನಾಪೋಕ್ಲು, ವಿರಾಜಪೇಟೆ ಕಡೆಯ ಮುಸ್ಲಿಂ ರೋಗಿಗಳಿಗೆ ನಮಾಜಿಗೆ ಮುಖ ಮಾಡುವ ಕಿಬ್ಲಾ ದಿಕ್ಕು, ಅಂದರೆ ಇಲ್ಲಿಂದ ಪಶ್ಚಿಮಕ್ಕೆ ತುಸು ವಾಯವ್ಯ, ಯಾವ ಗೋಡೆಯ ಕಡೆ ಎಂದು ಮೊದಲೇ ಗುರುತಿಸಿಟ್ಟರೆ ಅರ್ಧ ಕೆಲಸ ಮುಗಿಯಿತು. ರಂಜಾನ್‌ನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರ ಉಪವಾಸದ ಮಾತು ಡಾಕ್ಟರ್ ಜೊತೆಗೇ ಆಗಬೇಕು. ಕ್ಯಾಥೊಲಿಕ್ ರೋಗಿಗೆ ಪಾದ್ರಿಯಿಂದ ರೋಗಿಗಳ ಅಭ್ಯಂಗ ಸಂಸ್ಕಾರ ಬೇಕಾಗಬಹುದು. ಇವೆಲ್ಲ ಸುಲಭ, ಪಟ್ಟಿ ಮಾಡಿ ಗೋಡೆಗೆ ಅಂಟಿಸಬಹುದು.

ಪಟ್ಟಿಗೆ ಸಿಗದವರ ಕಡೆಗೇ ಹೆಚ್ಚು ಗಮನ ಬೇಕು. ಹಾಡಿಯಿಂದ (ಆದಿವಾಸಿಗಳ ವಸತಿಯಿಂದ) ಬಂದ ಯರವ, ಜೇನುಕುರುಬ, ಬೆಟ್ಟಕುರುಬ ರೋಗಿ ಆಸ್ಪತ್ರೆಯಲ್ಲಿ ಏನೂ ಕೇಳುವುದಿಲ್ಲ. ಕೇಳಿದರೆ ಬೈದಾರು ಎಂಬ ಅಂಜಿಕೆ ಹಳೆಯದು. ಹಾಡಿಯಿಂದ ದೂರದಲ್ಲಿ ಪ್ರಾಣ ಹೋದೀತು ಎಂಬುದೇ ಅವರಲ್ಲಿ ಎಷ್ಟೋ ಜನರ ದೊಡ್ಡ ಭಯ. ಹೇಳದೆ ಕೇಳದೆ ಎದ್ದು ಹೋದವರ ಹೆಸರಿನ ಮುಂದೆ ‘ಓಡಿಹೋದರು’ ಎಂದು ಬರೆಯುವ ಮುನ್ನ ಅವರ ನೆಮ್ಮದಿಯನ್ನು ಯಾರಾದರೂ ಕೇಳಿದ್ದರೇ ಎಂದು ದಾಖಲೆ ನೋಡಿ. ಲೈನ್ ಮನೆಯಿಂದ ಬಂದ ಅಸ್ಸಾಂ ಕಡೆಯ ತೋಟದ ಕೆಲಸಗಾರನಿಗೆ ಊರಿನ ತಾಯಿಯ ಜೊತೆ ಒಂದು ವಿಡಿಯೊ ಕಾಲ್ ಆಗುವಂತೆ ಮಾಡುವುದೂ ಈ ಆರೈಕೆಯೇ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ, ತೋಟ ಹೋದವರು ಜೋರು ಮಳೆಯ ರಾತ್ರಿ ನಿದ್ದೆ ಮಾಡದಿದ್ದರೆ ಆ ನಿದ್ದೆಗೇಡಿಗೆ ಮಾತ್ರೆಯ ಆಚೆಗೂ ಒಂದು ಪ್ರಶ್ನೆ ಇದೆ. ದೇವರನ್ನು ನಂಬದ ನಿವೃತ್ತ ಸುಬೇದಾರರಿಗೆ ಬದುಕಿನ ಅರ್ಥ ತಮ್ಮ ರೆಜಿಮೆಂಟಿನಲ್ಲಿ ಇದ್ದೀತು. ‘ದೇವರಲ್ಲಿ ನಂಬಿಕೆ ಇಲ್ಲ’ ಎಂದವರಿಗೆ ಸೊನ್ನೆ ಕೊಡುವ ಸಾಧನ ನಮಗೆ ಬೇಡ.

ಹಂತ 4: ಭಾಷೆ

ಕನ್ನಡ ಅನುವಾದವಿದ್ದರೆ ಸಾಕು ಎಂದುಕೊಳ್ಳಬೇಡಿ. ನಮ್ಮ ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಯರವರ ಮಾತು ಎಲ್ಲವೂ ಕೇಳುತ್ತವೆ. ಎಲ್ಲಕ್ಕೂ ಅನುವಾದ ಮಾಡಿಸುವುದು ಆಗದ ಮಾತು. ಕನ್ನಡದ ಒಂದು ಅನುವಾದವನ್ನು ಗಟ್ಟಿ ಮಾಡಿಕೊಂಡು, ಉಳಿದ ಭಾಷೆಗಳಲ್ಲಿ ಯಾವ ಮಾತನ್ನು ಬಳಸಬೇಕೆಂದು ಆ ಭಾಷೆಯ ಸಿಬ್ಬಂದಿಯಿಂದಲೇ ಬರೆಸಿಟ್ಟುಕೊಳ್ಳಿ. ಮಗಳನ್ನೋ ಸೊಸೆಯನ್ನೋ ದುಭಾಷಿ ಮಾಡಿಕೊಂಡರೆ ಅತ್ತೆಯ ನೆಮ್ಮದಿಯ ಬಗ್ಗೆ ಸೊಸೆಗೆ ಇಷ್ಟವಾದ ಉತ್ತರವೇ ಸಿಗುತ್ತದೆ.

ಕ್ರಮ ಹೀಗೆ. ಇಬ್ಬರು ಬೇರೆ ಬೇರೆಯಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ತರಲಿ, ಕೂತು ಒಂದು ಮಾಡಿ. ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ಹಿಂದಿರುಗಿಸಲಿ. ಎಲ್ಲಿ ಅರ್ಥ ಜಾರಿದೆ ಎಂದು ಹೋಲಿಸಿ. ಬಳಿಕ ಆರು ಜನ ಅಥವಾ ಹೆಚ್ಚು ತಜ್ಞರು ಒಂದೊಂದು ಅಂಶಕ್ಕೂ 1ರಿಂದ 4ರೊಳಗೆ ಪ್ರಸ್ತುತತೆಯ ಅಂಕ ಕೊಡಲಿ. 3 ಅಥವಾ 4 ಕೊಟ್ಟವರ ಪಾಲು 0.78ಕ್ಕಿಂತ ಕಡಿಮೆಯಿದ್ದರೆ ಆ ಅಂಶವನ್ನು ತಿದ್ದಬೇಕು. ತಜ್ಞರು ಅಂದರೆ ಪ್ರೊಫೆಸರ್‌ಗಳೇ ಆಗಬೇಕಿಲ್ಲ. ಹಾಡಿಗೆ ಹೋಗುವ ಆಶಾ ಕಾರ್ಯಕರ್ತೆಯೊಬ್ಬರು ಆ ಪಟ್ಟಿಯಲ್ಲಿ ಇರಲೇಬೇಕು.

ಇದಾದ ಮೇಲಿನ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಐದಾರು ರೋಗಿಗಳಿಗೆ ಪ್ರಶ್ನೆ ಓದಿ ಹೇಳಿ, ‘ನಾನೇನು ಕೇಳಿದೆ ಅಂತ ನಿಮ್ಮ ಮಾತಲ್ಲಿ ಹೇಳಿ’ ಎನ್ನಿ. ‘ನಿಮ್ಮ ಆಧ್ಯಾತ್ಮಿಕ ನಂಬಿಕೆಗಳು ನಿಮಗೆ ಬಲ ಕೊಡುತ್ತವೆಯೇ?’ ಎಂಬ ಪ್ರಶ್ನೆಗೆ ‘ನಾವು ಯಾವ ಮಠಕ್ಕೂ ಹೋಗುವವರಲ್ಲ’ ಎಂಬ ಉತ್ತರ ಬಂದರೆ ಕೆಡುಕು ಪ್ರಶ್ನೆಯಲ್ಲಿದೆ.

ಓದು ಬಾರದವರಿಗೆ ಐದು ಲೋಟಗಳ ಚಿತ್ರ ತೋರಿಸಬಹುದು: ಖಾಲಿ, ಕಾಲು, ಅರ್ಧ, ಮುಕ್ಕಾಲು, ತುಂಬಿದ್ದು. ಆದರೆ ಪರವಾನಗಿಯ ಸಾಧನಗಳಲ್ಲಿ ಉತ್ತರದ ರೂಪವನ್ನು ನಿಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಚಿತ್ರವನ್ನು ಒಂದೇ ಪ್ರಶ್ನೆಯ ತಪಾಸಣೆಗೆ ಇಟ್ಟುಕೊಳ್ಳಿ.

ಹಂತ 5: ಒಪ್ಪಿಗೆ ಮತ್ತು ಗುಟ್ಟು

ಸಂಶೋಧನೆಯಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಕೈಯಲ್ಲಿರಲಿ. ವಾರ್ಡಿನ ಸುಧಾರಣೆಗೆ ಮಾತ್ರ ಎಂದಿದ್ದರೂ ಮೆಡಿಕಲ್ ಸೂಪರಿಂಟೆಂಡೆಂಟರ ಲಿಖಿತ ಅನುಮತಿ ಪಡೆಯಿರಿ.

ನಂಬಿಕೆಯ ಬಗ್ಗೆ ಕೇಳಿದೊಡನೆ ‘ಮತಾಂತರಕ್ಕೆ ಬಂದಿದ್ದಾರೆ’ ಎಂಬ ಸಂಶಯ ಹುಟ್ಟುವ ಕಾಲ ಇದು. ಹಾಗಾಗಿ ಮೂರು ಕಟ್ಟುಪಾಡು ಹಾಕಿಕೊಳ್ಳಿ. ರೋಗಿ ತಾನಾಗಿ ಕೇಳದೆ ಯಾವ ನರ್ಸೂ ಪ್ರಾರ್ಥನೆ ಮಾಡಬಾರದು. ಸ್ವಂತ ನಂಬಿಕೆಯ ಪುಸ್ತಕ, ಚಿತ್ರ, ಪ್ರಸಾದ ಯಾವುದನ್ನೂ ಕೊಡಬಾರದು. ‘ಬೇಡ’ ಎಂದವರನ್ನು ಎರಡನೆಯ ಸಲ ಒತ್ತಾಯಿಸಬಾರದು. ‘ಬೇಡ’ ಎಂಬುದೂ ಒಂದು ಉತ್ತರ, ಅದಕ್ಕೂ ಕೋಡ್ ಇರಲಿ. ಮಾಪನದ ಹಾಳೆಯಲ್ಲಿ ಹೆಸರು ಬೇಡ, ಒಂದು ಕೋಡ್ ಸಾಕು. ಕೊಡಗು ಚಿಕ್ಕ ಜಿಲ್ಲೆ, ಮನೆತನದ ಹೆಸರೊಂದು ಗೊತ್ತಾದರೆ ಉಳಿದದ್ದೆಲ್ಲ ಗೊತ್ತಾದಂತೆ.

ಹಂತ 6: ಕೇಳುವುದು

ಅಡ್ಮಿಶನ್ ಗದ್ದಲದಲ್ಲಿ ಕೇಳಬೇಡಿ. ಮೊದಲ 24 ಗಂಟೆಯೊಳಗೆ, ನೋವು ಹತೋಟಿಗೆ ಬಂದ ಮೇಲೆ, ಕಿಟಕಿಯ ಬಳಿ ಸಂಬಂಧಿಕರ ಗುಂಪಿಲ್ಲದಾಗ ಕೇಳಿ. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂರಿ. ನಿಂತು ಕೇಳಿದರೆ ‘ಎಲ್ಲ ಚೆನ್ನಾಗಿದೆ ಸಿಸ್ಟರ್’ ಎಂಬ ಒಂದೇ ಉತ್ತರ.

ಮಾತು ಸರಿಸುಮಾರು ಹೀಗೆ ಸಾಗಬಹುದು:

‘ಅಜ್ಜಿ, ಈಗ ಮನಸ್ಸಿಗೆ ನೆಮ್ಮದಿ ಇದೆಯಾ?’
‘ಏನು ನೆಮ್ಮದಿ ಮಗ, ಹೀಗೆ ಬಿದ್ದಿದ್ದೇನೆ.’
‘ಇಂಥ ಕಷ್ಟದಲ್ಲಿ ಮುಂಚೆ ನಿಮಗೆ ಧೈರ್ಯ ಕೊಡುತ್ತಿದ್ದದ್ದು ಏನು?’
‘ಬೆಳಿಗ್ಗೆ ದೀಪ ಹಚ್ಚುತ್ತಿದ್ದೆ. ಈಗ ಯಾರು ಹಚ್ಚುತ್ತಾರೋ.’
‘ಮನೆಯಲ್ಲಿ ಯಾರಾದರೂ ಹಚ್ಚುತ್ತಾರಾ ಅಂತ ಫೋನ್ ಮಾಡಿ ಕೇಳೋಣವಾ?’

ಅಷ್ಟೇ. ಇಲ್ಲಿ ಅಗತ್ಯವೊಂದು ಸಿಕ್ಕಿತು, ಮಾಡಬೇಕಾದ ಕೆಲಸವೂ ಸಿಕ್ಕಿತು. ಅಜ್ಜಿಯ ಮಾತನ್ನು ಆಕೆಯ ಪದಗಳಲ್ಲೇ ಬರೆದುಕೊಳ್ಳಿ. ‘ರೋಗಿಗೆ ಧಾರ್ಮಿಕ ಚಿಂತೆ’ ಎಂದು ಸಾರಾಂಶ ಬರೆದರೆ ಮುಂದಿನ ಶಿಫ್ಟಿನವರಿಗೆ ಫೋನ್ ಮಾಡಬೇಕೆಂದು ತಿಳಿಯುವುದಾದರೂ ಹೇಗೆ?

ಸ್ಥಿತಿ ಬದಲಾದಾಗ, ಅಂದರೆ ರೋಗದ ಹೆಸರು ಗೊತ್ತಾದ ದಿನ, ಆಪರೇಶನ್ನಿನ ಹಿಂದಿನ ಸಂಜೆ, ಮೈಸೂರಿಗೋ ಮಂಗಳೂರಿಗೋ ಕಳಿಸಬೇಕೆಂದು ತೀರ್ಮಾನವಾದಾಗ, ಮತ್ತೆ ಕೇಳಿ. ಚಿಕಿತ್ಸೆ ಕೊಡುವ ಸಿಸ್ಟರೇ ‘ನಮ್ಮ ಆರೈಕೆ ಹೇಗಿತ್ತು?’ ಎಂದು ಕೇಳುವುದು ಮಾತ್ರ ಬೇಡ. ಮುಖದೆದುರು ಯಾರೂ ಕೆಟ್ಟದ್ದು ಹೇಳುವುದಿಲ್ಲ. ಆ ಪ್ರಶ್ನೆಯನ್ನು ಬೇರೆ ವಾರ್ಡಿನವರು ಕೇಳಲಿ.

ಹಂತ 7: ಮಾಡಿದ್ದನ್ನು ದಾಖಲಿಸುವುದು

ಒಂದು ಹಾಳೆ, ಎಂಟು ಕಾಲಂ: ದಿನಾಂಕ ಮತ್ತು ಶಿಫ್ಟ್, ರೋಗಿಯ ಕೋಡ್, ಕೇಳಿದಿರಾ, ರೋಗಿಯ ಮಾತು, ಮಾಡಿದ ಕೆಲಸ, ಯಾರು ಮಾಡಿದರು, ಪೂರೈಸಿತೇ, ಇಲ್ಲದಿದ್ದರೆ ಕಾರಣ. ಕಾರಣಕ್ಕೆ ಆರು ಕೋಡ್: ಸಮಯ ಸಾಲಲಿಲ್ಲ, ಭಾಷೆ ತೊಡಕು, ಜಾಗವಿಲ್ಲ, ನಿಯಮ ಅಡ್ಡಿ, ಮನೆಯವರು ಒಪ್ಪಲಿಲ್ಲ, ರೋಗಿ ಬೇಡವೆಂದರು. ಈ ಕೊನೆಯ ಕಾಲಂ ಇಡೀ ಹಾಳೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು. ಹ್ಯಾಂಡೋವರ್ ಸಮಯದಲ್ಲೇ ತುಂಬಿ. ತಿಂಗಳ ಕೊನೆಗೆ ಕೂತು ನೆನಪಿನಿಂದ ತುಂಬಿದ ಹಾಳೆ ಎಲ್ಲರ ಕಣ್ಣಿಗೂ ಸುಂದರವಾಗಿ ಕಾಣುತ್ತದೆ, ನಂಬಬೇಡಿ.

ಹಾಳೆ ಬಳಕೆಗೆ ಬರುವ ಮುನ್ನ ಇಬ್ಬರು ಸಿಸ್ಟರ್‌ಗಳು ಅದೇ 20 ಕೇಸ್ ಶೀಟುಗಳನ್ನು ಬೇರೆ ಬೇರೆಯಾಗಿ ಓದಿ ‘ಆಧ್ಯಾತ್ಮಿಕ ಅಗತ್ಯ ಇದೆ’, ‘ಇಲ್ಲ’ ಎಂದು ಗುರುತಿಸಲಿ. ಉದಾಹರಣೆಗೆ 10ರಲ್ಲಿ ಇಬ್ಬರೂ ‘ಇದೆ’ ಎಂದರು, 6ರಲ್ಲಿ ಇಬ್ಬರೂ ‘ಇಲ್ಲ’ ಎಂದರು, ಉಳಿದ 4ರಲ್ಲಿ ತಲಾ ಎರಡರಂತೆ ಒಬ್ಬರು ಹೌದು, ಮತ್ತೊಬ್ಬರು ಅಲ್ಲ ಎಂದರು ಎಂದಿಟ್ಟುಕೊಳ್ಳಿ. 20ರಲ್ಲಿ 16, ಅಂದರೆ ಶೇ. 80 ಒಮ್ಮತ. ಕಣ್ಣು ಮುಚ್ಚಿ ಗುರುತಿಸಿದ್ದರೂ ಶೇ. 52 ಹೊಂದುತ್ತಿತ್ತು (0.6 × 0.6 + 0.4 × 0.4). ಅದನ್ನು ಕಳೆದು ಲೆಕ್ಕ ಹಾಕಿದರೆ ಒಮ್ಮತದ ಅಂಕ, ಅಂದರೆ ಕಪ್ಪಾ = (0.80 − 0.52) ÷ (1 − 0.52) = 0.58. ಇದು ಮಧ್ಯಮ. 0.6 ದಾಟುವ ತನಕ ಇಬ್ಬರೂ ಕೂತು, ಹೊಂದದ ಆ ನಾಲ್ಕು ಶೀಟುಗಳ ಬಗ್ಗೆ ಜಗಳವಾಡಲಿ. ವ್ಯಾಖ್ಯೆ ಸ್ಪಷ್ಟವಾಗುವುದು ಆ ಜಗಳದಲ್ಲೇ.

ಹಂತ 8: ಲೆಕ್ಕ

ಒಂದು ತಿಂಗಳ ಉದಾಹರಣೆ ಕಲ್ಪಿಸಿಕೊಳ್ಳಿ. ಅರ್ಹ ರೋಗಿಗಳು 48. ಅವರಲ್ಲಿ 36 ಜನರನ್ನು ಕೇಳಲಾಯಿತು. 15 ಜನ ಏನಾದರೂ ಅಗತ್ಯ ಹೇಳಿದರು. 9 ಜನರದ್ದು ಪೂರೈಸಿತು.

ಕೇಳಿದ ಪ್ರಮಾಣ 36/48, ಶೇ. 75. ಪೂರೈಸಿದ ಪ್ರಮಾಣ 9/15, ಶೇ. 60. ಈ ಎರಡನ್ನೂ ಯಾವಾಗಲೂ ಜೊತೆಯಾಗಿಯೇ ಬರೆಯಿರಿ. ಎರಡನೆಯದನ್ನು ಮಾತ್ರ ತೋರಿಸಿದರೆ ಯಾರನ್ನೂ ಕೇಳದ ವಾರ್ಡಿಗೆ ಒಂದೂ ಪೂರೈಸದ ಅಗತ್ಯ ಇರುವುದಿಲ್ಲ, ವರದಿಯಲ್ಲಿ ಅದೇ ಮೇಲ್ಪಂಕ್ತಿ. ಮುಂದಿನ ತಿಂಗಳು ಹೆಚ್ಚು ಜನರನ್ನು ಕೇಳಿದರೆ ಅಗತ್ಯಗಳು ಹೆಚ್ಚಾಗಿ, ಪೂರೈಸಿದ ಪ್ರಮಾಣ ಇಳಿಯಲೂಬಹುದು. ಅದನ್ನು ಹಿನ್ನಡೆ ಎಂದು ಮೇಲಿನವರಿಗೆ ವರದಿ ಮಾಡಬೇಡಿ. ಜೊತೆಗೆ, 15 ಜನರಲ್ಲಿ ಒಬ್ಬರ ವ್ಯತ್ಯಾಸವೇ ಶೇ. 6.7. ಆದ್ದರಿಂದ ಶೇಕಡಾವಾರಿನ ಪಕ್ಕದಲ್ಲಿ ತಲೆಯೆಣಿಕೆಯನ್ನೂ ಬರೆಯಿರಿ.

ಫ್ಯಾಸಿಟ್-ಎಸ್‌ಪಿ ಬಳಸುವವರು 4 ಮತ್ತು 8ನೇ ಅಂಶಗಳನ್ನು ತಿರುಗಿಸಿ ಎಣಿಸಬೇಕು, ಅವು ನಕಾರಾತ್ಮಕ ಹೇಳಿಕೆಗಳು. 4 ಬಂದರೆ 0, 3 ಬಂದರೆ 1. ಈ ಎರಡನ್ನು ಮರೆತರೆ ತೀರಾ ಕುಗ್ಗಿದ ರೋಗಿಯೂ ನೆಮ್ಮದಿಯಲ್ಲಿರುವಂತೆ ಕಾಣುತ್ತಾರೆ. ಒಟ್ಟು ಅಂಕದ ಜೊತೆ ಅರ್ಥ, ಶಾಂತಿ, ನಂಬಿಕೆ ಎಂಬ ಮೂರು ಭಾಗಗಳನ್ನು ಬೇರೆಯಾಗಿಯೂ ತೋರಿಸಿ, ಒಂದೊಂದರಲ್ಲಿ ನಾಲ್ಕು ಅಂಶ, 0ಯಿಂದ 16. ನಮ್ಮ ಕಡೆ ನಂಬಿಕೆಯ ಭಾಗಕ್ಕೆ ಹೆಚ್ಚಿನವರು ತುಂಬು ಅಂಕ ಕೊಡುತ್ತಾರೆ, ದೇವರ ವಿಷಯದಲ್ಲಿ ಕಡಿಮೆ ಹೇಳಲು ಯಾರಿಗೂ ಮನಸ್ಸಿಲ್ಲ. ಏರಿಳಿತ ಕಾಣುವುದು ಶಾಂತಿಯ ಭಾಗದಲ್ಲಿ. ಒಟ್ಟು ಅಂಕವೊಂದನ್ನೇ ನೋಡಿದರೆ ಅದು ಮುಚ್ಚಿಹೋಗುತ್ತದೆ.

ಪ್ರಬಂಧಕ್ಕಾದರೆ ಅಂಶಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಹೇಳುವ ಕ್ರೋನ್‌ಬಾಕ್ ಆಲ್ಫಾ 0.7ಕ್ಕಿಂತ ಮೇಲಿದೆಯೇ ಎಂದು ನಿಮ್ಮದೇ ಮಾಹಿತಿಯಿಂದ ತೋರಿಸಿ, ಮೂಲ ಲೇಖನದ ಅಂಕಿ ನಕಲಿಸಿದರೆ ಸಲ್ಲದು. ಮೊದಲ ಮತ್ತು ಎರಡನೆಯ ಅಳತೆಯ ನಡುವೆ ಡಿಸ್ಚಾರ್ಜ್ ಆದವರು, ತೀರಿಕೊಂಡವರು ಎಷ್ಟು ಎಂಬುದನ್ನೂ ಬರೆಯಬೇಕು. ಉಳಿದವರ ಸರಾಸರಿ ಏರಿದ್ದು ಆರೈಕೆಯಿಂದಲೋ, ಹೆಚ್ಚು ಕಷ್ಟದಲ್ಲಿದ್ದವರು ಪಟ್ಟಿಯಿಂದ ಇಲ್ಲವಾದದ್ದರಿಂದಲೋ ಎಂದು ಓದುವವರಿಗೆ ತಿಳಿಯಬೇಕಲ್ಲ.

ಹಂತ 9: ಓದುವುದು, ತಿದ್ದುವುದು

ತಿಂಗಳಿಗೊಂದು ಚುಕ್ಕೆಯಂತೆ ಗೆರೆಚಿತ್ರ ಬರೆದು ಡ್ಯೂಟಿ ರೂಮಿನಲ್ಲಿ ಹಾಕಿ. ಯಾವ ನರ್ಸಿನ ಹೆಸರೂ ಅದರ ಮೇಲೆ ಬೇಡ. ಹೆಸರು ಬಂದ ದಿನವೇ ಸುಳ್ಳು ಟಿಕ್ ಶುರುವಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಅಂಕಿಗಳನ್ನು ಎಚ್ಚರದಿಂದ ಓದಿ. ರಸ್ತೆ ಕುಸಿದು ಮನೆಯವರು ಬರಲಾಗದಿದ್ದರೆ ‘ಹಿರಿಯರನ್ನು ಕರೆಸಿ’ ಎಂಬ ಅಗತ್ಯ ಪೂರೈಸುವುದಿಲ್ಲ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಯ ರೋಗಿಗಳ ಜೊತೆ ಇರಲು ಯಾರಿಗೂ ಬಿಡುವಿರುವುದಿಲ್ಲ. ಹೋಲಿಸುವುದಾದರೆ ಈ ಜುಲೈಯನ್ನು ಕಳೆದ ಜುಲೈಗೆ ಹೋಲಿಸಿ.

ಆಮೇಲೆ ಕಾರಣದ ಕಾಲಂಗೆ ಹೋಗಿ. ‘ಜಾಗವಿಲ್ಲ’ ಹೆಚ್ಚಿದ್ದರೆ ಸ್ಟೋರ್ ರೂಮಿನ ಒಂದು ಮೂಲೆಗೆ ಪರದೆ ಕಟ್ಟಿಸಲು ಅರ್ಜಿ ಬರೆಯಿರಿ, ಅಂಕಿಯ ಸಮೇತ. ‘ಭಾಷೆ ತೊಡಕು’ ಹೆಚ್ಚಿದ್ದರೆ ಯಾವ ಶಿಫ್ಟಿನಲ್ಲಿ ಎಂದು ನೋಡಿ, ಮಲಯಾಳಂ ಅಥವಾ ಯರವರ ಮಾತು ಬಲ್ಲ ಅಟೆಂಡರನ್ನು ಆ ಶಿಫ್ಟಿಗೆ ಹಾಕಲು ಕೇಳಿ. ‘ಸಮಯ ಸಾಲಲಿಲ್ಲ’ ಎಂಬುದೇ ಬಹುಪಾಲು ಆಗಿದ್ದರೆ ಅದು ತರಬೇತಿಯಿಂದ ಸರಿಹೋಗುವ ತೊಂದರೆಯಲ್ಲ. ಒಬ್ಬ ಸಿಸ್ಟರ್‌ಗೆ ರಾತ್ರಿ ಎಷ್ಟು ಹಾಸಿಗೆ ಎಂಬ ಲೆಕ್ಕವನ್ನು ಅದೇ ಹಾಳೆಗೆ ಲಗತ್ತಿಸಿ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಕಳಿಸಿ.

ಮೂರು ತಿಂಗಳು ಕಳೆದ ಮೇಲೆ ಹಾಳೆಯನ್ನೇ ಪರಿಶೀಲಿಸಿ. ಯಾರೂ ತುಂಬದ, ತುಂಬಿದರೂ ಯಾರೂ ಓದದ ಕಾಲಂ ಇದ್ದರೆ ತೆಗೆದುಹಾಕಿ. ಆರು ಕೋಡ್‌ಗಳಿಗೆ ಸೇರದೆ ಬೇರೆಯಾಗಿ ಬರೆದ ಕಾರಣಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಿದ್ದರೆ ಅದಕ್ಕೊಂದು ಏಳನೆಯ ಕೋಡ್ ಕೊಡಿ, ಹೊಸ ಹಾಳೆಯ ಮೇಲೆ ಪರಿಷ್ಕರಿಸಿದ ದಿನಾಂಕ ಹಾಕಿ, ಹಳೆಯ ಪ್ರತಿಗಳನ್ನು ವಾರ್ಡಿನಿಂದ ಹಿಂದಕ್ಕೆ ಪಡೆಯಿರಿ.